ಒಡ್ಡಿನೊಳಗಿನ ಗುಡಿ

ಹಳೆಯ ಕಲ್ಲು ಕಂಡಲ್ಲೆಲ್ಲ ಜೋಳದ ಹಿಟ್ಟು ಉಜ್ಜುವ ಓವರ್ಸಿಯರ್ ಒಬ್ಬರು ನಮ್ಮ ಕಚೇರಿಯಲ್ಲಿದ್ದರು. ಸವೆದುಹೋದ ಶಾಸನದ ಮೇಲೆ ಹಿಟ್ಟು ತಿಕ್ಕಿ ಅಂಗೈಯಿಂದ ಮೆಲ್ಲಗೆ ಒರೆಸಿದರೆ, ಅಕ್ಷರದ ಕುಳಿಗಳಲ್ಲಿ ಮಾತ್ರ ಹಿಟ್ಟು ಉಳಿದು, ಕಪ್ಪು ಕಲ್ಲಿನ ಮೇಲೆ ಬರಹ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವರು ಪ್ರವಾಸಕ್ಕೆ ಹೊರಟಾಗ ಬುತ್ತಿಯ ಗಂಟಿನ ಜೊತೆ ಹಿಟ್ಟಿನ ಗಂಟೂ ಇರುತ್ತಿತ್ತು. "ರೊಟ್ಟಿಗೆ ಎಷ್ಟ ಹಿಟ್ಟ ಬೇಕು, ಕಲ್ಲಿಗೆ ಎಷ್ಟ ಬೇಕು, ಬ್ಯಾರೆ ಬ್ಯಾರೆ ಹೇಳಿಬಿಡ್ರಿ" ಎಂದು ಅವರ ಹೆಂಡತಿ ಗೊಣಗುತ್ತಲೇ ಕಟ್ಟಿಕೊಡುತ್ತಿದ್ದರು.

ಅವರು ತೀರಿಕೊಂಡ ದಿನ ಬೆಟಗೇರಿಯ ಬಾಡಿಗೆ ಮನೆಯ ಮುಂದೆ ಹೆಚ್ಚು ಮಂದಿ ಸೇರಿರಲಿಲ್ಲ. ಎದುರು ಮನೆಯವರು ಮಗ್ಗ ನಿಲ್ಲಿಸಿ ಬಂದಿದ್ದರು. ಪಿಂಚಣಿ ಪಡೆಯುವ ನಾಲ್ಕಾರು ಹಳಬರಿದ್ದರು. ಅವರಲ್ಲೊಬ್ಬರು ನನ್ನ ಪಕ್ಕಕ್ಕೆ ಸರಿದು, "ಗುಡಿ ಕೆಡವಿಸಿದ ಓವರ್ಸಿಯರ್ ಅಂದ್ರ ಇವರ ಹೌದಲ್ರಿ?" ಎಂದು ಕೇಳಿದರು. ಹೌದು ಎಂದೆ. ಸುಳ್ಳು ಹೇಳುವ ಹಾಗಿರಲಿಲ್ಲ. ಆದರೆ ಆ ಒಂದು ಮಾತಿನಲ್ಲಿ ಅವರು ಮುಗಿದುಹೋಗುವುದನ್ನು ನಾನು ಸಹಿಸಲಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ಕಂಡದ್ದು ಶಿರಹಟ್ಟಿಯಲ್ಲಿ. ಸ್ವಾತಂತ್ರ್ಯ ಬಂದು, ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋಗಿದ್ದ ಹೊಸತು. ಅಲ್ಲಿಯವರೆಗೆ ಶಿರಹಟ್ಟಿ ಒಬ್ಬ ರಾಜರದ್ದು, ಲಕ್ಷ್ಮೇಶ್ವರ ಇನ್ನೊಬ್ಬರದ್ದು. ಸುತ್ತಲೂ ಬ್ರಿಟಿಷರ ಸೀಮೆ, ನಡುವೆ ಈ ಊರುಗಳು ದ್ವೀಪಗಳ ಹಾಗೆ ಇದ್ದವು. ಮುಂಡರಗಿಯ ದಾರಿ ಹಿಡಿದರೆ ಅತ್ತ ನಿಜಾಮರ ಗಡಿ. ಓವರ್ಸಿಯರರು ಸಂಸ್ಥಾನದ ಕಾಲದಲ್ಲಿ ಕೆರೆ, ರಸ್ತೆಗಳ ಮೇಲ್ವಿಚಾರಣೆ ನೋಡಿಕೊಂಡಿದ್ದವರು. ವಿಲೀನದ ನಂತರ ನೌಕರಿ ಉಳಿಯಿತು, ಆದರೆ ಒಂದು ಮೆಟ್ಟಿಲು ಕೆಳಗೆ. ತಮಗಿಂತ ಕಿರಿಯರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ಅದೇ ಕಚೇರಿಗೆ ಕಾರಕೂನನಾಗಿ ಬಂದಿದ್ದೆ. ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರಾದರೂ ಕೊನೆಯವರೆಗೂ ನನ್ನನ್ನು "ಕಾರಕೂನ್ರ" ಎಂದೇ ಕರೆದರು.

ಅವರದು ಲಕ್ಷ್ಮೇಶ್ವರದ ಮನೆತನ. ತಲೆಮಾರುಗಳಿಂದ ಗುಡಿಯ ಸೇವೆ. ಅಣ್ಣ ಪೂಜೆ ನೋಡಿಕೊಂಡರೆ, ಇವರು ಪುಣೆಗೆ ಹೋಗಿ ಓವರ್ಸಿಯರ್ ಪರೀಕ್ಷೆ ಮುಗಿಸಿ ಬಂದಿದ್ದರು. ಮನೆಯಲ್ಲಿ ದೇವರ ಮುಂದೆ ಕೂತು ಪೂಜೆ ಮಾಡಿದವರಲ್ಲ. ಆದರೆ ಮುಳ್ಳುಕಂಟಿ ಬೆಳೆದ, ಮೂರ್ತಿ ಇಲ್ಲದ, ಬಾವಲಿ ಹೊಕ್ಕ ಪಾಳುಗುಡಿಯಾದರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುತ್ತಿದ್ದರು. ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿ ರಕ್ತ ಬಂದಾಗ ನಾನು, "ಒಳಗ ದೇವರ ಇಲ್ಲಲ್ರಿ, ಚಪ್ಪಲಿ ಹಾಕ್ಕೊಂಡ ಬರ್ರಿ" ಎಂದೆ. ಅವರು ಮುಳ್ಳು ಕೀಳುತ್ತ, "ಕಟ್ಟಿದಾತನ ಕೈ ಐತಲ್ರಿ" ಎಂದರು.

ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಕಟ್ಟುವ ಕೆಲಸ. ಹೊಸ ಸರಕಾರ, ಹೊಸ ಹುರುಪು. ರಸ್ತೆ ಬೇಕು, ಶಾಲೆ ಬೇಕು, ಹಳ್ಳಕ್ಕೆ ಸೇತುವೆ ಬೇಕು. ಕಲ್ಲು ಬೇಕೆಂದಾಗ ಎಲ್ಲರ ಕಣ್ಣು ಹೋಗುತ್ತಿದ್ದದ್ದು ಹಳೆಯ ಕಟ್ಟಡಗಳ ಮೇಲೆ. ವೀರಗಲ್ಲು ಹಾಸುಗಲ್ಲಾಗುತ್ತಿತ್ತು. ಗುಡಿಯ ಕಂಬ ದನ ಕಟ್ಟುವ ಗೂಟವಾಗುತ್ತಿತ್ತು. ಇವರು ಹೋದಲ್ಲೆಲ್ಲ ಅದನ್ನು ತಡೆಯುತ್ತಿದ್ದರು. ಬೈಯುತ್ತಿರಲಿಲ್ಲ, ಕಾಯಿದೆ ಹೇಳುತ್ತಿರಲಿಲ್ಲ. ಕಲ್ಲಿನ ಪಕ್ಕ ಕೂತುಬಿಡುತ್ತಿದ್ದರು. "ಕಟ್ಟಿದವರನ್ನ ಕೇಳಿ ಕೆಡವ್ರಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಕ್ಕು, ಎಷ್ಟೋ ಸಲ ಬಿಟ್ಟುಹೋಗುತ್ತಿದ್ದರು.

ಹೀಗಿರುವಾಗ ಆ ಕೆರೆಯ ಕೆಲಸ ಬಂತು.

ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವಾಗ ದಾರಿ ಬಿಟ್ಟು ಒಳಗಿರುವ ಸಣ್ಣ ಊರು ಅದು. ಊರಿಗೆ ಆಧಾರ ಒಂದೇ ಕೆರೆ. ಒಡ್ಡು ಬಹಳ ಹಳೆಯದು, ಬರೀ ಮಣ್ಣು. ಅಲೆ ಬಡಿದೂ ಬಡಿದೂ ನೀರಿನ ಕಡೆಯ ಮೈ ಕರಗಿಹೋಗಿತ್ತು. ಮಳೆಗಾಲಕ್ಕೆ ಮುಂಚೆ ಆ ಮೈಗೆ ಉದ್ದಕ್ಕೂ ಕಲ್ಲು ಹೊದಿಸಬೇಕೆಂದು ಮಂಜೂರಾಯಿತು. ತೂಬಿನಿಂದ ದೂರ, ಒಡ್ಡಿನ ಒಂದು ತುದಿಯ ಬುಡದಲ್ಲೇ ಒಂದು ಪಾಳುಗುಡಿ ಇತ್ತು. ಸಣ್ಣದು, ಆದರೆ ಎಷ್ಟು ಚೆಂದದ್ದು! ಬಡಿಗರ ಕಡಚಲಿನಲ್ಲಿ ತಿರುಗಿಸಿದಂಥ ನುಣುಪಾದ ಕಂಬಗಳು, ಚಾವಣಿಯಲ್ಲಿ ಅರಳಿದ ತಾವರೆ, ಬಾಗಿಲವಾಡದ ಸುತ್ತ ಬಳ್ಳಿಯ ಕೆತ್ತನೆ. ಗುತ್ತೇದಾರ ಬಂದವನೇ ಅದನ್ನು ನೋಡಿ ಖುಷಿಯಾದ.

"ಕಲ್ಲು ಇಲ್ಲೇ ಐತಲ್ರಿ ಸಾಹೇಬ್ರ. ಕಡದಿಟ್ಟ ಕಲ್ಲು. ಕಪ್ಪತಗುಡ್ಡದ ಬುಡದಿಂದ ಗಾಡಿ ಮ್ಯಾಲ ಹೇರಿಕೊಂಡ ಬರೂದ್ಯಾಕ?"

ಊರ ಗೌಡರೂ ಅದನ್ನೇ ಅಂದರು. "ದೇವರಿಲ್ಲದ ಗುಡಿ ಅದು. ನಮ್ಮ ಅಜ್ಜನ ಕಾಲದಾಗೂ ದೀಪಾ ಹಚ್ಚಿಲ್ಲ. ತೊಗೊಂಡ ಬಿಡ್ರಿ."

ಇವರು ಗುಡಿಯ ಮುಂದೆ ವಾಲಿಕೊಂಡಿದ್ದ ಶಾಸನದ ಕಲ್ಲಿಗೆ ಹಿಟ್ಟು ಉಜ್ಜಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಊರಿನ ಮಂದಿ ಸುತ್ತ ನಿಂತಿದ್ದರು. ಶಾಸನದ ಪ್ರಕಾರ, ಹಿಂದೆ ಒಬ್ಬ ಹೆಣ್ಣುಮಗಳು ಆ ಕೆರೆ ಕಟ್ಟಿಸಿದ್ದಳು. ಕೆರೆ ಮುಗಿದ ಮೇಲೆ ಅದರ ಕಾವಲಿಗೆಂದು ಗುಡಿ ಕಟ್ಟಿಸಿ, ಎರಡಕ್ಕೂ ಹೊಲ ಬಿಟ್ಟಿದ್ದಳು. ಇವರು ಎದ್ದು ಕೈ ಝಾಡಿಸಿಕೊಂಡು, "ನೋಡ್ರಿ ಗೌಡ್ರ, ನೀವು ಕುಡಿಯೂ ನೀರು ಅಕೀದು. ಈ ಗುಡೀನೂ ಅಕೀದು. ಒಂದನ್ನ ಕೆಡವಿ ಇನ್ನೊಂದನ್ನ ಹ್ಯಾಂಗ ಉಳಿಸೂದು? ಕಲ್ಲ ಗುಡ್ಡದಿಂದನ ಬರಲಿ" ಎಂದರು.

ಗೌಡರಿಗೆ ಸರಿಬರಲಿಲ್ಲ. ಗುತ್ತೇದಾರನಿಗಂತೂ ಇಲ್ಲವೇ ಇಲ್ಲ. ಇವರ ಪರವಾಗಿ ಮಾತಾಡಿದವನು ಊರಿನಲ್ಲಿ ಒಬ್ಬನೇ, ಕೆರೆ ಕಾಯುವ ಫಕೀರಪ್ಪ. ತೂಬು ತೆರೆಯುವುದು, ಹೊಲಗಳಿಗೆ ನೀರು ಹಂಚುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. "ಸಾಹೇಬ್ರು ಅನ್ನೂದು ಬರೋಬರಿ ಐತ್ರಿ ಗೌಡ್ರ. ಗುಡಿ ಇರಲಿ. ಒಡ್ಡ ನಾ ನೋಡ್ಕೊಂತೇನಿ. ಒಂದ ಮಳಿ ತಡಕೊಳ್ಳೂವಷ್ಟು ಗಟ್ಟಿ ಐತಿ" ಎಂದ.

ಕಲ್ಲು ಗುಡ್ಡದಿಂದ ಬರತೊಡಗಿತು. ಆದರೆ ಬಿತ್ತನೆಗೆ ಹೊಲ ಹದ ಮಾಡುವ ದಿನಗಳು. ಎತ್ತು ಸಿಗಲಿಲ್ಲ, ಗಾಡಿ ಸಿಗಲಿಲ್ಲ. ಇವರು ಊರೂರು ತಿರುಗಿ ಗಾಡಿ ಬೇಡಿದರು. ಕೆಲಸ ನಿಧಾನವಾಗಿ ಸಾಗಿತು. ಒಡ್ಡಿನ ಬಹುಪಾಲು ಕಲ್ಲು ಕಂಡಿತು. ತೂಬಿನ ಪಕ್ಕದ ಒಂದು ತುಂಡು ಮಾತ್ರ ಉಳಿದಿತ್ತು.

ಮಳೆ ಆ ಸಲ ಹೊತ್ತಿಗೆ ಮೊದಲೇ ಬಂತು. ಮಧ್ಯಾಹ್ನ ಶುರುವಾದದ್ದು ಬಿಡಲೇ ಇಲ್ಲ. ಮೇಲಿನ ಹಳ್ಳಗಳೆಲ್ಲ ಒಮ್ಮೆಲೇ ಕೆರೆಗೆ ನುಗ್ಗಿದವು. ಸಂಜೆಯ ಹೊತ್ತಿಗೆ ಕಲ್ಲು ಹೊದಿಸದ ಜಾಗದಲ್ಲಿ ಮಣ್ಣು ಕುಸಿಯತೊಡಗಿತು. ನೀರಿನ ಭಾರ ಇಳಿಸಬೇಕೆಂದು ಫಕೀರಪ್ಪ ತೂಬು ಎತ್ತಲು ಒಡ್ಡಿನ ಮೇಲೆ ಓಡಿದನಂತೆ. ಬ್ಯಾಡ, ಬ್ಯಾಡ ಎಂದು ಊರ ಮಂದಿ ಕೂಗಿದರಂತೆ. ಅವನು ನಿಂತ ಜಾಗವೇ ಒಡೆದುಹೋಯಿತು.

ಮರುದಿನ ಸುದ್ದಿ ತಿಳಿದು ನಾವು ಅಲ್ಲಿಗೆ ಮುಟ್ಟಿದಾಗ ಕೆರೆಯಲ್ಲಿ ನೀರಿರಲಿಲ್ಲ. ಕೆಳಗಿನ ಹೊಲಗಳ ಮೇಲೆ ಉಸುಕು ಹರಡಿತ್ತು. ಕೆಲವು ಮನೆಗಳ ಗೋಡೆಗಳು ಕುಸಿದುಹೋಗಿದ್ದವು. ಫಕೀರಪ್ಪನ ಹೆಣ ದೂರದಲ್ಲಿ ಜಾಲಿಗಿಡಗಳ ನಡುವೆ ಸಿಕ್ಕಿತ್ತು. ಗುಡಿಗೆ ಮಾತ್ರ ಏನೂ ಆಗಿರಲಿಲ್ಲ. ಮಳೆಯಲ್ಲಿ ತೊಳೆದು, ಆಗಷ್ಟೇ ಕಟ್ಟಿ ಮುಗಿಸಿದ ಹಾಗೆ ಮಿಂಚುತ್ತಿತ್ತು. ಅದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ಇವರು ನೋಡುತ್ತಲೇ ನಿಂತಿದ್ದರು.

ಊರಿನವರು ಕಲ್ಲು ತೂರುತ್ತಾರೇನೋ ಎಂದು ನನಗೆ ಹೆದರಿಕೆ. ಯಾರೂ ಏನೂ ಮಾಡಲಿಲ್ಲ. ಗೌಡರು, "ನಿಮ್ಮ ಗುಡಿ ಉಳೀತ್ರಿ ಸಾಹೇಬ್ರ" ಎಂದು ಹೇಳಿ ಹೊರಟುಹೋದರು, ಅಷ್ಟೇ. ಅದಕ್ಕಿಂತ ಕಲ್ಲು ತೂರಿದ್ದರೆ ಚೆನ್ನಾಗಿತ್ತು.

ವಿಚಾರಣೆಗೆ ಮೇಲಿನ ಸಾಹೇಬರು ಬಂದರು. ಗುತ್ತೇದಾರ ತನ್ನ ಮಾತು ಹೇಳಿದ. ಇವರನ್ನು ಕೇಳಿದಾಗ, ಎತ್ತು ಸಿಗಲಿಲ್ಲ, ಮಳೆ ಮುಂಚೆ ಬಂತು ಎಂಬ ಯಾವ ಮಾತನ್ನೂ ಆಡದೆ, "ತಪ್ಪು ನಂದು" ಎಂದರು. ಬಡ್ತಿ ನಿಂತುಹೋಯಿತು. ಮುಂದೆ ಅದು ಬರಲೇ ಇಲ್ಲ.

ಹಿಂಗಾರಿ ಮಳೆಯಾದರೂ ಕೆರೆಯಲ್ಲಿ ನಿಲ್ಲಬೇಕೆಂದರೆ ಒಡ್ಡನ್ನು ಬೇಗ ಕಟ್ಟಬೇಕಿತ್ತು. ಒಡೆದ ಜಾಗದ ಆಚೀಚೆ ಬೇಸಿಗೆಯಲ್ಲಿ ಹೊದಿಸಿದ್ದ ಕಲ್ಲೆಲ್ಲ ಕೊಚ್ಚಿಹೋಗಿತ್ತು, ಹೂತುಹೋಗಿತ್ತು. ದಾರಿ ಕೆಸರಾಗಿ ಗುಡ್ಡದ ಕಡೆಯಿಂದ ಗಾಡಿ ಬರುವಂತಿರಲಿಲ್ಲ. ಇವರು ದಿನವೂ ಒಡೆದ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ಫಕೀರಪ್ಪನ ಹೆಂಡತಿ ನೀಲವ್ವ ಅಲ್ಲಿಗೆ ಬಂದಳು. ಇನ್ನೂ ಸಣ್ಣ ವಯಸ್ಸು. ಬರಿಗೈ, ಬರಿ ಹಣೆ. ಬೈಯಲು ಬಂದಳು ಎಂದುಕೊಂಡೆ.

"ಸಾಹೇಬ್ರ, ಊರಾಗ ಕುಡಿಯಾಕ ನೀರಿಲ್ಲ. ಆ ಗುಡಿ ಕಲ್ಲು ತೊಗೊಂಡು ಒಡ್ಡ ಕಟ್ರಿ."

ಇವರು ತಿರುಗಿ ಗುಡಿಯ ಕಡೆ ನೋಡಿದರು.

"ನಮ್ಮಂವ ಇದ್ದಿದ್ರ ಬ್ಯಾಡ ಅಂತಿದ್ದ. ಈಗ ಅಂವ ಇಲ್ಲ. ನಾ ಹೇಳಾಕತ್ತೇನಿ" ಎಂದು ಹೇಳಿ ಹೋದಳು.

ಮರುದಿನ ಇವರು ಗುತ್ತೇದಾರನನ್ನು ಕರೆಸಿ ಗುಡಿ ಬಿಚ್ಚಲು ಹೇಳಿದರು. ಅವನಿಗೆ ನಂಬಿಕೆಯಾಗಲಿಲ್ಲ. ಒಳಗೊಳಗೇ ನಗುತ್ತ, "ಕಟ್ಟಿದವರನ್ನ ಕೇಳಿದ್ರೇನ್ರಿ ಸಾಹೇಬ್ರ?" ಎಂದ.

"ಫಕೀರಪ್ಪನ ಹೇಣ್ತಿನ್ನ ಕೇಳೇನಿ" ಎಂದರು ಇವರು. ಅವನು ಹಗ್ಗ, ಆಳು ತರಿಸಲು ಹೋದ.

ಗುಡಿ ಬಿಚ್ಚುವಷ್ಟು ದಿನವೂ ಅವರು ಅಲ್ಲಿಂದ ಕದಲಲಿಲ್ಲ. ಯಾವ ಕಲ್ಲನ್ನೂ ಒಡೆಯಲು ಬಿಡಲಿಲ್ಲ, ಸುತ್ತಿಗೆ ಹಚ್ಚಲು ಬಿಡಲಿಲ್ಲ. ಹಗ್ಗ ಕಟ್ಟಿ, ಕಟ್ಟಿಗೆ ಕೊಟ್ಟು, ಮಕ್ಕಳನ್ನು ಎತ್ತಿ ಇಳಿಸಿದ ಹಾಗೆ ಇಳಿಸಿದರು. ಒಡ್ಡಿಗೆ ಇಡುವಾಗ ಪ್ರತಿ ಕಲ್ಲಿಗೂ ಒಂದೇ ಮಾತು: "ಮಾರಿ ಒಳಗ ಮಾಡ್ರಿ." ಕೆತ್ತನೆಯ ಮುಖ ಮಣ್ಣಿನ ಕಡೆ, ಬೋಳು ಬೆನ್ನು ನೀರಿನ ಕಡೆ. ಅಲೆ ಬಡಿದು ಕೆತ್ತನೆ ಸವೆಯಬಾರದೆಂದು. ಶಾಸನದ ಕಲ್ಲನ್ನೂ ಹಾಗೆಯೇ ಮುಖ ಒಳಗೆ ಮಾಡಿ, ಒಡ್ಡು ಒಡೆದ ಜಾಗದ ನಟ್ಟನಡುವೆ ಇರಿಸಿದರು. ಸಂಜೆ ಬಿಡಾರಕ್ಕೆ ಬಂದಾಗ ಅವರ ಅಂಗೈ ಕಿತ್ತುಹೋಗಿ ಕೆಂಪಾಗಿರುತ್ತಿತ್ತು. ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ.

ಕೆರೆ ಹಿಂಗಾರಿಗೆ ತುಂಬಿತು. ಒಡ್ಡು ಅಲುಗಲಿಲ್ಲ.

ಆದರೆ ಸುದ್ದಿ ಲಕ್ಷ್ಮೇಶ್ವರಕ್ಕೆ ಮುಟ್ಟಿತ್ತು. ದೀಪಾವಳಿಗೆ ಊರಿಗೆ ಹೋದಾಗ ಅಣ್ಣ ಇವರನ್ನು ದೇವರ ಕೋಣೆಯ ಹೊಸ್ತಿಲಲ್ಲೇ ತಡೆದರು. "ಗುಡಿ ಕೆಡವಿದ ಕೈಲೆ ಮನಿ ದೇವರನ್ನ ಮುಟ್ಟಬ್ಯಾಡ" ಎಂದರಂತೆ. ಇವರು ಪಡಸಾಲೆಯಲ್ಲಿ ಕೂತು ಊಟ ಮಾಡಿ, ಹೆಂಡತಿಯನ್ನು ಕರೆದುಕೊಂಡು ಬಂದುಬಿಟ್ಟರು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಹೇಳುವಾಗ ಸೆರಗು ಕಣ್ಣಿಗೆ ಒತ್ತಿಕೊಂಡು, "ಹಿಟ್ಟಿನ ಗಂಟು ಕೇಳೂದನ್ನೂ ಬಿಟ್ಟಾರ ನೋಡ್ರಿ ಈಗ" ಎಂದರು.

ಖರೆ. ಅದಾದ ಮೇಲೆ ಅವರು ಯಾವ ಹಳೆಯ ಕಲ್ಲಿನ ಬಳಿಯೂ ಹೋಗಲಿಲ್ಲ. ದಾರಿಯಲ್ಲಿ ಪಾಳುಗುಡಿ ಕಂಡರೆ ನನ್ನ ಜೊತೆ ಬೇರೆ ಏನಾದರೂ ಮಾತು ತೆಗೆಯುತ್ತಿದ್ದರು.

ಕೆಲ ವರ್ಷ ಕಳೆದು ಏಕೀಕರಣವಾಯಿತು. ಆ ಹೊತ್ತಿಗೆ ನಾವಿಬ್ಬರೂ ಗದಗಿಗೆ ಬಂದಿದ್ದೆವು. ಊರೆಲ್ಲ ತೋರಣ, ಬ್ಯಾಂಡು, ಸಕ್ಕರೆ ಹಂಚುವುದು. ಸಭೆಯಲ್ಲಿ ಭಾಷಣ ಮಾಡಿದವರೊಬ್ಬರು ನಮ್ಮ ನಾಡಿನ ಗುಡಿಗಳನ್ನು, ಶಿಲ್ಪಗಳನ್ನು, ಶಾಸನಗಳನ್ನು ಹೊಗಳಿದರು. ಪ್ರತಿ ಕಲ್ಲಿನಲ್ಲೂ ಕನ್ನಡ ಉಸಿರಾಡುತ್ತಿದೆ, ಅದನ್ನು ಕಾಯುವುದು ನಮ್ಮ ಹೊಣೆ ಎಂದರು. ಜನ ಚಪ್ಪಾಳೆ ತಟ್ಟಿದರು. ಇವರೂ ತಟ್ಟಿದರು. ಕನ್ನಡ ಸೀಮೆ ಒಂದಾಗಬೇಕೆಂದು ಎಷ್ಟು ವರ್ಷ ಹಂಬಲಿಸಿದ್ದರೋ ನನಗೆ ಗೊತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಪಕ್ಕದಲ್ಲಿ ಇರಲಿಲ್ಲ. ಎದ್ದು ಮನೆಗೆ ಹೋಗಿದ್ದರು.

ಆಮೇಲೆ ಪುರಾತನ ಕಟ್ಟಡಗಳ ಪಟ್ಟಿ ಮಾಡುವ ಕೆಲಸಕ್ಕೆಂದು ಒಬ್ಬ ಅಧಿಕಾರಿ ಬಂದರು. ಓದಿಕೊಂಡವರು, ಒಳ್ಳೆಯವರೇ. ಹಿಂದೆ ಯಾರೋ ಆ ಕೆರೆಯ ಗುಡಿಯನ್ನು ನೋಡಿ ಬಹಳ ಮೆಚ್ಚಿದ್ದರಂತೆ. ದಾರಿ ಬಲ್ಲವರೆಂದು ಇವರನ್ನೇ ಕೇಳಿಕೊಂಡು ಬಂದರು. ನಿವೃತ್ತಿ ಹತ್ತಿರ ಬಂದಿದ್ದ ದಿನಗಳು. ಒಲ್ಲೆ ಎನ್ನಬಹುದಿತ್ತು. ಇವರು ಕರೆದುಕೊಂಡು ಹೋದರು. ನಾನೂ ಇದ್ದೆ.

ಒಡ್ಡಿನ ಮೇಲೆ ನಿಂತು ಅಧಿಕಾರಿ ಸುತ್ತ ನೋಡಿ, "ಗುಡಿ ಎಲ್ಲಿದೆ?" ಎಂದರು.

"ಅದರ ಮ್ಯಾಲನ ನಿಂತೇವ್ರಿ."

ಅಧಿಕಾರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಕಪ್ಪಿಟ್ಟಿತು. "ಯಾರು ಮಾಡಿಸಿದ್ದು ಇದನ್ನ?"

"ನಾನ್ರಿ."

"ಇಂಜಿನಿಯರಿಂಗ್ ಓದಿದವರು ನೀವು! ನಿಮ್ಮಂಥವರಿಂದಲೇ ಈ ನಾಡಿನದು ಒಂದೂ ಉಳಿಯಲಿಲ್ಲ" ಎಂದು ಅವರು ನಿಜವಾಗಿಯೂ ನೊಂದುಕೊಂಡೇ ಹೇಳಿದರು. ನಾನು ಫಕೀರಪ್ಪನ ಕಥೆ ಹೇಳಲು ಬಾಯಿ ತೆರೆದೆ. ಇವರು ನನ್ನ ಮುಂಗೈ ಹಿಡಿದರು. "ಬಿಡ್ರಿ ಕಾರಕೂನ್ರ. ಅವರು ಅನ್ನೂದು ಖರೆ ಐತಿ." ಕೆರೆಯಲ್ಲಿ ನೀರು ತುಂಬಿತ್ತು. ಹೆಂಗಸರು ಕೊಡ ತುಂಬಿಕೊಳ್ಳುತ್ತಿದ್ದರು. ಅಧಿಕಾರಿ ಅತ್ತ ನೋಡಲಿಲ್ಲ.

ನಿವೃತ್ತರಾದ ಮೇಲೆ ಅವರು ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆ ಹಿಡಿದರು. ಮಾತು ಕಡಿಮೆಯಾಗಿತ್ತು. ನಾನು ರವಿವಾರ ಹೋದರೆ ಚಹಾ ಕುಡಿದು ಇಬ್ಬರೂ ಮಗ್ಗದ ಸದ್ದು ಕೇಳುತ್ತ ಕೂಡುತ್ತಿದ್ದೆವು. ಹೋದ ಬೇಸಿಗೆ ನಾನೇ ಒಂದು ಸುದ್ದಿ ಒಯ್ದೆ. ಕೆರೆ ಬತ್ತಿದಾಗ ಒಡ್ಡಿನ ಒಂದು ಕಲ್ಲು ಜಾರಿ, ಹೊರಳಿ, ಅದರ ಮುಖ ಹೊರಗೆ ಬಂದಿತ್ತು. ಹೆಣ್ಣುರೂಪದ ಕೆತ್ತನೆ. ಊರವರು ಅದಕ್ಕೆ ಒಡ್ಡವ್ವ ಎಂದು ಹೆಸರಿಟ್ಟು, ಕುಂಕುಮ ಹಚ್ಚಿ ಪೂಜೆಗೆ ಶುರುಮಾಡಿದ್ದರು. ಕೇಳಿದರೆ ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ತಟ್ಟನೆ ಎದ್ದು ನಿಂತರು. "ಕಲ್ಲು ಹೊಳ್ಳೈತಿ ಅಂದ್ರ ಒಡ್ಡು ಸಡಲೈತಿ. ನಡೀರಿ."

ಬಸ್ಸು ಹಿಡಿದು, ಉಳಿದ ದಾರಿ ಬಿಸಿಲಲ್ಲಿ ನಡೆದು ಹೋದೆವು. ಕಲ್ಲನ್ನು ಮೊದಲಿನಂತೆ ಮುಖ ಒಳಗೆ ಮಾಡಿ ಕೂಡಿಸಬೇಕು, ಇಲ್ಲವಾದರೆ ಮಳೆಗೆ ಅದರ ಮೇಲಿನವೂ ಜಾರುತ್ತವೆ ಎಂದು ಇವರು ಹೇಳಿದರು. ಗೌಡರಿಗೆ ವಯಸ್ಸಾಗಿತ್ತು. ಕೋಲೂರಿಕೊಂಡು ಬಂದು, "ಅವತ್ತ ದೇವರಿಲ್ಲದ ಗುಡಿ ಮುಟ್ಟಬ್ಯಾಡ ಅಂದ್ರಿ. ಇವತ್ತ ದೇವರನ್ನ ಮಣ್ಣಾಗ ಮುಚ್ಚು ಅಂತೀರಿ. ನಿಮ್ಮ ಮಾತ ನಮಗ ತಿಳಿಯೂದಿಲ್ರಿ" ಎಂದರು. ಮಂದಿ ಸೇರಿತು. ಯಾರೋ, ಗುಡಿ ಕೆಡವಿದಾತ ಮತ್ತ ಬಂದಾನ ಎಂದರು.

ನೀಲವ್ವ ಕಲ್ಲಿನ ಪಕ್ಕ ಕುಳಿತಿದ್ದಳು. ಅವಳೇ ಎದ್ದು ಇವರ ಹತ್ತಿರ ಬಂದಳು.

"ಸಾಹೇಬ್ರ, ಇಕಿ ಮಾರಿ ನನಗ ಮೊದಲಿಂದ ಗೊತ್ತೈತ್ರಿ. ನಮ್ಮಂವ ಮಧ್ಯಾಹ್ನ ಗುಡ್ಯಾಗ ಅಡ್ಡಾಗತಿದ್ದ. ಅಂವನ ತಲಿ ಮ್ಯಾಲಿನ ಗ್ವಾಡ್ಯಾಗ ಇದ್ದಾಕಿ ಇಕೀನ. ಬುತ್ತಿ ಕೊಡಾಕ ಹ್ವಾದಾಗ ದಿನಾ ನೋಡತಿದ್ದೆ. ಮತ್ತ ಮುಚ್ಚಬ್ಯಾಡ್ರಿ ಇಕಿನ್ನ."

ಇವರು ಆ ಕಲ್ಲಿನ ಪಕ್ಕ ಕೂತುಬಿಟ್ಟರು. ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಂದಿ ಒಬ್ಬೊಬ್ಬರಾಗಿ ಚದುರಿದರು.

ಮುಖ ಹೊರಗೇ ಇರಲಿ ಎಂದು ಕೊನೆಗೆ ಒಪ್ಪಿದರು. ಆದರೆ ಸುತ್ತಲಿನದನ್ನೆಲ್ಲ ಬಿಚ್ಚಿ ಗಟ್ಟಿ ಮಾಡದೆ ಬರುವುದಿಲ್ಲವೆಂದು ಆ ಊರಲ್ಲೇ ಉಳಿದರು. ನನಗೆ ರಜೆ ಇರಲಿಲ್ಲ, ಹಿಂತಿರುಗಿದೆ. ಅವರು ಊರವರನ್ನು ಕೂಡಿಸಿಕೊಂಡು, ಆ ಉರಿಬಿಸಿಲಲ್ಲಿ, ತಾವೂ ಬುಟ್ಟಿ ಹೊತ್ತು ಕೆಲಸ ಮುಗಿಸಿ ಬಂದರು. ಬಂದವರು ಹಾಸಿಗೆ ಹಿಡಿದರು. ಜ್ವರ ಇಳಿಯಲಿಲ್ಲ.

ಅವರು ಹೋದ ಮೇಲೆ ಮಳೆ ಶುರುವಾಯಿತು, ಜೋರಾಗಿಯೇ. ಒಂದು ದಿನ ಅವರ ಹೆಂಡತಿಯನ್ನು ಮಾತಾಡಿಸಲು ಹೋಗಿ ಕೂತಿದ್ದೆ. ಬಾಗಿಲಲ್ಲಿ ಯಾರೋ ಬಂದು ನಿಂತರು. ನೀಲವ್ವ. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಗದಗಿಗೆ ಅವಳು ಅದೇ ಮೊದಲು ಬಂದಿರಬೇಕು, ಮನೆ ಹುಡುಕಿ ಹುಡುಕಿ ದಣಿದಿದ್ದಳು.

"ಸಾಹೇಬ್ರು ಅದಾರೇನ್ರಿ ಬಾಯಾರ? ಕೆರಿ ತುಂಬೈತಿ. ಒಡ್ಡಿಗೆ ಏನೂ ಆಗಿಲ್ಲ ಅಂತ ಹೇಳಾಕ ಬಂದೇನಿ."

ಅವರ ಹೆಂಡತಿ ಎದ್ದು ಹೋಗಿ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಕೂಡಿಸಿದರು.